ಅಪೋ ಬೆಟ್ಟದ ಕೆಳಗಿನ ದವಾವ್: ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

2025ರ ಜೂನ್ 8ರಿಂದ ಭಾರತೀಯರು ವೀಸಾ ಇಲ್ಲದೆಯೇ 14 ದಿನ ಫಿಲಿಪ್ಪೀನ್ಸ್ ಸುತ್ತಬಹುದು ಎಂದಾಯಿತು. ಆಗಸ್ಟ್‌ನಲ್ಲಿ ಅಲ್ಲಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ದೆಹಲಿಗೆ ಬಂದವರು ಬೆಂಗಳೂರಿಗೂ ಬಂದು ಹೋದರು. ಅಕ್ಟೋಬರ್ 1ಕ್ಕೆ ಏರ್ ಇಂಡಿಯಾದ ದೆಹಲಿ–ಮನಿಲಾ ನೇರ ವಿಮಾನ ಶುರುವಾಯಿತು. ಥಾಯ್ಲೆಂಡ್, ವಿಯೆಟ್ನಾಂ, ಬಾಲಿ ಎಂದು ಲೆಕ್ಕ ಹಾಕುತ್ತಿದ್ದ ನಮ್ಮವರ ಪಟ್ಟಿಗೆ ಹೀಗೆ ಇನ್ನೊಂದು ದೇಶ ಸೇರಿಕೊಂಡಿದೆ.

ಆದರೆ ಟ್ರಾವೆಲ್ ಏಜೆಂಟರನ್ನು ಕೇಳಿದರೆ ಹೆಚ್ಚಾಗಿ ಸಿಗುವುದು ಮನಿಲಾ, ಬೊರಾಕಾಯ್, ಸೆಬುಗಳ ಪ್ಯಾಕೇಜ್. ಬಿಳಿ ಮರಳಿನ ಕಡಲತೀರವಷ್ಟೇ ಬೇಕಿದ್ದವರಿಗೆ ಅದು ಸಾಕು. ಕಾಡು, ಬೆಟ್ಟ, ಹಣ್ಣು, ಹಬ್ಬ ಎಲ್ಲವೂ ಒಂದೇ ಊರಿನಲ್ಲಿ ಬೇಕು ಎನ್ನುವವರು ನಕ್ಷೆಯಲ್ಲಿ ಇನ್ನೂ ಕೆಳಗೆ, ದಕ್ಷಿಣದ ತುದಿಯ ಕಡೆಗೆ ನೋಡಬೇಕು. ಅಲ್ಲಿರುವುದು ದವಾವ್. ಈ ಊರಿನ ನಿಸರ್ಗವನ್ನೂ ಹಬ್ಬವನ್ನೂ ಬೇರೆ ಬೇರೆಯಾಗಿ ನೋಡಿದರೆ ಎರಡೂ ಅರ್ಧಂಬರ್ಧ ಅರ್ಥವಾಗುತ್ತವೆ. ಎರಡಕ್ಕೂ ಮೂಲ ಊರಿನ ಬೆನ್ನಿಗೇ ನಿಂತಿರುವ ಒಂದು ಬೆಟ್ಟ.

ಎಲ್ಲಿದೆ, ಎಂಥ ಊರು

ಫಿಲಿಪ್ಪೀನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಉತ್ತರದ ಲೂಝೋನ್‌ನಲ್ಲಿ ರಾಜಧಾನಿ ಮನಿಲಾ ಇದೆ. ನಡುವೆ ವಿಸಯಾಸ್ ಎಂಬ ದ್ವೀಪಗುಚ್ಛ, ಸೆಬು ಅದರಲ್ಲಿ ಬರುತ್ತದೆ. ದಕ್ಷಿಣದ ದೊಡ್ಡ ದ್ವೀಪವೇ ಮಿಂಡನಾವ್. ಅದರ ಆಗ್ನೇಯ ಭಾಗದಲ್ಲಿ, ಒಂದು ಕೊಲ್ಲಿಯ ದಡದಲ್ಲಿ ದವಾವ್ ಇದೆ.

2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 17.8 ಲಕ್ಷ. ವಿಸ್ತೀರ್ಣ ಮಾತ್ರ 2,443 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಅದು ಸಣ್ಣದೊಂದು ಜಿಲ್ಲೆ. ಕಾಗದದಲ್ಲಿ ಎಲ್ಲವೂ 'ನಗರ'ವೇ. ನೆಲದ ಮೇಲೆ ನೋಡಿದರೆ ಸಮುದ್ರದ ಪಕ್ಕ ಕಟ್ಟಡಗಳು, ಸ್ವಲ್ಪ ಒಳಗೆ ಹೋದರೆ ಬಾಳೆ ಮತ್ತು ತೆಂಗಿನ ತೋಟ, ಇನ್ನೂ ಮೇಲೆ ಮಳೆಕಾಡು. 'ಸಿಟಿ ಟೂರ್' ಎಂದು ಗಾಡಿ ಹತ್ತಿದವರು ಒಂದೂವರೆ ಗಂಟೆಯ ಮೇಲೂ ಅದೇ ಊರಿನೊಳಗೆ ಇದ್ದರೆ ಅಚ್ಚರಿಪಡಬೇಕಿಲ್ಲ.

ಇಲ್ಲಿನ ಬಹುಪಾಲು ಜನ ಮೂಲದವರಲ್ಲ. 20ನೇ ಶತಮಾನದಲ್ಲಿ ವಿಸಯಾಸ್ ಮತ್ತು ಲೂಝೋನ್‌ನಿಂದ ಭೂಮಿ, ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು. ಹಾಗಾಗಿ ಬೀದಿಯಲ್ಲಿ ಕೇಳುವ ಭಾಷೆ ಹೆಚ್ಚಾಗಿ ಸೆಬುವಾನೋ, ಅಲ್ಲಿನವರ ಬಾಯಲ್ಲಿ ಬಿಸಾಯಾ. ಇಂಗ್ಲಿಷ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇಲ್ಲಿ ಜಪಾನೀಯರ ದೊಡ್ಡ ವಸತಿಯೂ ಇತ್ತು. ಬಾಳೆಯ ಜಾತಿಗೇ ಸೇರಿದ ಅಬಕಾ ಎಂಬ ನಾರಿನ ಗಿಡ ಬೆಳೆಯಲು ಬಂದಿದ್ದವರು ಅವರು.

ಮಳೆ ಉಂಟು, ಚಂಡಮಾರುತ ಅಪರೂಪ

ಫಿಲಿಪ್ಪೀನ್ಸ್ ಎಂದ ಕೂಡಲೇ ಟಿವಿಯಲ್ಲಿ ಕಂಡ ಟೈಫೂನ್ ದೃಶ್ಯಗಳು ನೆನಪಾಗುತ್ತವೆ. ಆಗಸ್ಟ್ ಎಂದರೆ ಆ ದೇಶದ ಉತ್ತರ ಭಾಗದಲ್ಲಿ ಚಂಡಮಾರುತಗಳ ಕಾಲವೇ. ದವಾವ್‌ನ ದೊಡ್ಡ ಹಬ್ಬ ನಡೆಯುವುದೂ ಆಗಸ್ಟ್‌ನಲ್ಲಿ. ಹೇಗೆ ಸಾಧ್ಯ?

ಊರು ಇರುವುದು ಸುಮಾರು 7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಸಮಭಾಜಕ ವೃತ್ತಕ್ಕೆ ಹತ್ತಿರ. ಚಂಡಮಾರುತ ಹುಟ್ಟಬೇಕಾದರೆ ಬೆಚ್ಚಗಿನ ಸಮುದ್ರ ಸಾಲದು, ಒತ್ತಡ ಕುಸಿದ ಜಾಗಕ್ಕೆ ನುಗ್ಗುವ ಗಾಳಿ ಸುತ್ತು ಹಾಕಬೇಕು. ಭೂಮಿ ತಿರುಗುತ್ತಿರುವುದರಿಂದ ಗಾಳಿಯ ದಾರಿ ಓರೆಯಾಗುತ್ತದೆ, ಆ ಓರೆಯೇ ಸುತ್ತಾಗುತ್ತದೆ. ಸಮಭಾಜಕದ ಹತ್ತಿರ ಈ ಪರಿಣಾಮ ತೀರಾ ದುರ್ಬಲ. ಅಲ್ಲಿ ಗಾಳಿ ನೇರವಾಗಿ ನುಗ್ಗಿ ಕುಸಿತವನ್ನು ತುಂಬಿಬಿಡುತ್ತದೆ, ಸುಳಿ ಕಟ್ಟುವುದಿಲ್ಲ. ಇನ್ನೂ ಉತ್ತರದಲ್ಲಿ ಹುಟ್ಟಿದ ಟೈಫೂನ್‌ಗಳು ಪಶ್ಚಿಮಕ್ಕೂ ವಾಯವ್ಯಕ್ಕೂ ಸಾಗುವುದರಿಂದ ಹೆಚ್ಚಿನವು ವಿಸಯಾಸ್, ಲೂಝೋನ್ ಕಡೆಗೇ ಹೋಗುತ್ತವೆ.

'ಅಪರೂಪ' ಎಂದರೆ 'ಇಲ್ಲವೇ ಇಲ್ಲ' ಎಂದಲ್ಲ. 2012ರ ಡಿಸೆಂಬರ್‌ನಲ್ಲಿ ಬೋಫಾ ಟೈಫೂನ್ (ಅಲ್ಲಿನವರು ಇಟ್ಟ ಹೆಸರು ಪಾಬ್ಲೋ) ದವಾವ್‌ನ ಪೂರ್ವಕ್ಕಿರುವ ಪ್ರಾಂತ್ಯಗಳನ್ನು ಹೊಡೆದು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ಒಣ ಕಾಲ, ಮಳೆಗಾಲ ಎಂಬ ಸ್ಪಷ್ಟ ಗೆರೆ ಇಲ್ಲ. ಮಳೆ ವರ್ಷವಿಡೀ ಹೆಚ್ಚುಕಡಿಮೆ ಹಂಚಿಕೊಂಡು ಬೀಳುತ್ತದೆ. ಗಾಳಿಯ ಕಾಟವಿಲ್ಲದ ಬಿಸಿಲು, ಮಳೆ, ಜ್ವಾಲಾಮುಖಿಯ ಫಲವತ್ತಾದ ಮಣ್ಣು ಮೂರೂ ಕೂಡಿದ್ದರಿಂದ ಬಾಳೆಯ ದೊಡ್ಡ ರಫ್ತು ತೋಟಗಳು ಈ ಭಾಗಕ್ಕೆ ಬಂದವು. ಒಂದು ಬಿರುಗಾಳಿಗೆ ಇಡೀ ತೋಟ ಮಲಗಿಬಿಡುವ ಬೆಳೆ ಅದು ಎಂದು ಬಾಳೆ ಬೆಳೆದವರಿಗೆ ಹೇಳಬೇಕಿಲ್ಲ.

ಅಪೋ

ಮೌಂಟ್ ಅಪೋ 2,954 ಮೀಟರ್ ಎತ್ತರವಿದೆ. ದೇಶದಲ್ಲೇ ಅತಿ ಎತ್ತರದ ಶಿಖರ. ಭೂವಿಜ್ಞಾನಿಗಳು ಇದನ್ನು ಮುಂದೆ ಸಿಡಿಯುವ ಸಾಧ್ಯತೆ ಇರುವ ಜ್ವಾಲಾಮುಖಿಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಆದರೆ ಇದು ಸಿಡಿದ ದಾಖಲೆ ಇತಿಹಾಸದಲ್ಲಿ ಇಲ್ಲ. ಬೆಟ್ಟದ ಮೈಯಲ್ಲಿ ಅಲ್ಲಲ್ಲಿ ಗಂಧಕದ ಹೊಗೆ ಏಳುತ್ತದೆ. ಒಂದು ಬದಿಯಲ್ಲಿ ಭೂಗರ್ಭದ ಬಿಸಿಯಿಂದ ವಿದ್ಯುತ್ ತಯಾರಿಸುವ ಸ್ಥಾವರವೇ ಇದೆ. 1936ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬಾಗೋಬೋ ಮುಂತಾದ ಬುಡಕಟ್ಟುಗಳಿಗೆ ಇದು ಪವಿತ್ರ ನೆಲ, ಹಿರಿಯರ ನೆಲೆ.

ಹತ್ತಬಹುದೇ? ಹತ್ತಬಹುದು, ಆದರೆ ಮುಂಜಾನೆ ಹೊರಟು ಸಂಜೆಗೆ ಇಳಿದು ಬರುವ ಚಾರಣವೆಂದುಕೊಳ್ಳಬೇಡಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಬೇಕು. ಬೆಟ್ಟ ಒಂದಕ್ಕಿಂತ ಹೆಚ್ಚು ಪ್ರಾಂತ್ಯಗಳಿಗೆ ಹಂಚಿಹೋಗಿರುವುದರಿಂದ ದಾರಿಗಳೂ ಹಲವು, ಪ್ರತಿ ದಾರಿಯ ಅನುಮತಿ ಕೊಡುವ ಸ್ಥಳೀಯ ಆಡಳಿತವೂ ಬೇರೆ. ಗೈಡ್ ಕಡ್ಡಾಯ, ಸಂಖ್ಯೆಗೆ ಮಿತಿ. ಕೆಲವು ದಾರಿಗಳನ್ನು ಕಾಲಕಾಲಕ್ಕೆ ಮುಚ್ಚುತ್ತಾರೆ. 2016ರ ಮಾರ್ಚ್‌ನಲ್ಲಿ, ಎಲ್ ನಿನೋ ಬರದ ನಡುವೆ, ಶಿಖರದ ಬಳಿ ಹತ್ತಿದ ಬೆಂಕಿ ಹಲವು ದಿನ ಉರಿಯಿತು. ಆಮೇಲೆ ಚಾರಣವನ್ನು ಬಹುಕಾಲ ನಿಲ್ಲಿಸಿದ್ದರು, ನಿಯಮಗಳೂ ಬಿಗಿಯಾದವು. 14 ದಿನದ ಪ್ರವಾಸದಲ್ಲಿ ಮೊದಲ ಸಲ ಹೋಗುವವರು ಶಿಖರವನ್ನು ಬಿಟ್ಟು ತಪ್ಪಲು ನೋಡುವುದೇ ಒಳ್ಳೆಯದೆಂದು ನನ್ನ ಅನಿಸಿಕೆ.

ತಪ್ಪಲಿನ ತೋರಿಲ್ ಕಡೆ ಈಡನ್ ನೇಚರ್ ಪಾರ್ಕ್ ಇದೆ. ಸುಮಾರು 80 ಹೆಕ್ಟೇರ್, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ. ಮೋಡ, ಪೈನ್ ಮರ, ಕೆಳಗೆ ಕಾಣುವ ಕೊಲ್ಲಿ ನೋಡಿ ಇದು ಆದಿಕಾಲದ ಕಾಡು ಎಂದುಕೊಂಡರೆ ತಪ್ಪು. ಮರ ಕಡಿದು ಬೋಳಾಗಿದ್ದ ಜಾಗದಲ್ಲಿ 1970ರ ದಶಕದಿಂದ ನೆಟ್ಟು ಬೆಳೆಸಿದ್ದು. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೆಟ್ಟದ ಗಾಳಿ ಕುಡಿಯಲು ಇದು ಸುಲಭದ ಜಾಗ.

ಹದ್ದನ್ನು ನೋಡಲೆಂದೇ ಒಂದು ದಿನ

ದವಾವ್‌ನಲ್ಲಿ ಒಂದೇ ಜಾಗಕ್ಕೆ ಸಮಯ ಇದೆ ಎಂದರೆ ನಾನು ಮಲಾಗೋಸ್‌ನ ಹೆಸರು ಹೇಳುತ್ತೇನೆ. ಅಲ್ಲಿದೆ ಫಿಲಿಪ್ಪೀನ್ ಈಗಲ್ ಸೆಂಟರ್.

ಫಿಲಿಪ್ಪೀನ್ ಹದ್ದು ಆ ದೇಶ ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ದೇಶದೊಳಗೂ ಲೂಝೋನ್, ಸಮಾರ್, ಲೆಯ್ಟೆ, ಮಿಂಡನಾವ್ ಈ ನಾಲ್ಕೇ ದ್ವೀಪಗಳಲ್ಲಿ ಇದೆ. ಕೊಕ್ಕಿನಿಂದ ಬಾಲದವರೆಗೆ ಸುಮಾರು ಒಂದು ಮೀಟರ್, ರೆಕ್ಕೆ ಬಿಚ್ಚಿದರೆ ಎರಡು ಮೀಟರ್. ತಲೆಯ ಮೇಲೆ ಕೆದರಿದ ಜುಟ್ಟು, ಬೂದು-ನೀಲಿ ಕಣ್ಣು. ಹಿಂದೆ ಇದನ್ನು 'ಕೋತಿ ತಿನ್ನುವ ಹದ್ದು' ಎನ್ನುತ್ತಿದ್ದರು. ಕೋತಿಗಿಂತ ಬೇರೆ ಪ್ರಾಣಿಗಳನ್ನೂ ಸಾಕಷ್ಟು ತಿನ್ನುತ್ತದೆ ಎಂದು ಗೊತ್ತಾದ ಮೇಲೆ 1978ರಲ್ಲಿ ಹೆಸರು ಬದಲಾಯಿತು. 1995ರಲ್ಲಿ ರಾಷ್ಟ್ರಪಕ್ಷಿಯಾಯಿತು.

ಈಗ ಕಾಡಿನಲ್ಲಿ ಉಳಿದಿರುವುದು ಅಂದಾಜು 400 ಜೋಡಿ. ಇಷ್ಟು ಕಡಿಮೆಯಾಗಲು ಬೇಟೆ ಒಂದು ಕಾರಣ, ಹಕ್ಕಿಯ ಬದುಕಿನ ಲೆಕ್ಕಾಚಾರ ಇನ್ನೊಂದು. ಒಂದು ಜೋಡಿ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಮರಿ ಬೆಳೆದು ತಾನೇ ಜೋಡಿ ಕಟ್ಟಲು ಐದಾರು ವರ್ಷ ಬೇಕು. ಒಂದೊಂದು ಜೋಡಿಗೂ ಸಾವಿರಾರು ಹೆಕ್ಟೇರ್ ಕಾಡು ಬೇಕು. ಕಾಡು ಹರಿದು ತುಂಡಾದಂತೆ ಹದ್ದಿಗೆ ಬೇರೆ ದಾರಿ ಇಲ್ಲ. ಇಂಥ ಹಕ್ಕಿಯಲ್ಲಿ ಒಂದು ಸತ್ತರೂ ಆ ಖಾಲಿ ಜಾಗ ತುಂಬಲು ವರ್ಷಗಳೇ ಹಿಡಿಯುತ್ತವೆ.

ಮಲಾಗೋಸ್‌ನ ಕೇಂದ್ರ 1987ರದ್ದು. ಇಲ್ಲಿ 1992ರ ಜನವರಿ 15ರಂದು ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಮೊಟ್ಟೆಯೊಡೆದು ಬಂತು. ಭರವಸೆ ಎಂಬರ್ಥದ 'ಪಗ್-ಅಸಾ' ಎಂದು ಹೆಸರಿಟ್ಟರು. ಅದು ಸುಮಾರು 29 ವರ್ಷ ಬದುಕಿ 2021ರ ಜನವರಿಯಲ್ಲಿ ಸತ್ತಾಗ ಇಡೀ ದೇಶದ ಪತ್ರಿಕೆಗಳಲ್ಲಿ ಸುದ್ದಿ. 2019ರಲ್ಲಿ ಇಲ್ಲಿಂದ ಒಂದು ಜೋಡಿಯನ್ನು ಸಿಂಗಪುರದ ಪಕ್ಷಿಧಾಮಕ್ಕೆ ಸಾಲವಾಗಿ ಕೊಟ್ಟರು. ಎಲ್ಲ ಹಕ್ಕಿಗಳೂ ಒಂದೇ ಕಡೆ ಇದ್ದು ರೋಗ ತಗುಲಿದರೆ ಎಲ್ಲವೂ ಹೋದಾವು ಎಂಬ ಭಯ ಅದರ ಹಿಂದಿನ ಕಾರಣ.

ಪಂಜರದ ಹಕ್ಕಿ ನೋಡುವುದೇನು ಎಂದು ಮೂಗು ಮುರಿಯುವವರು ಇದ್ದಾರೆ. ಇಲ್ಲಿರುವ ಹದ್ದುಗಳಲ್ಲಿ ಕೆಲವು ಗುಂಡೇಟು ತಿಂದು, ಬಲೆಗೆ ಸಿಕ್ಕಿ ಬಂದವು, ಮತ್ತೆ ಕಾಡಿಗೆ ಬಿಟ್ಟರೆ ಬದುಕಲಾರವು. ಕೇಂದ್ರಕ್ಕೆ ಬೆಳಿಗ್ಗೆ ಹೋಗುವುದು ಒಳ್ಳೆಯದು. ಊರಿನ ಮಧ್ಯದಿಂದ ಗಂಟೆಗೂ ಹೆಚ್ಚು ಹೊತ್ತಿನ ದಾರಿ.

ಅದೇ ಮಲಾಗೋಸ್‌ನಲ್ಲಿ ಚಾಕೊಲೇಟಿನ ಕಥೆಯೂ ಇದೆ. ಸ್ಪ್ಯಾನಿಷರು 17ನೇ ಶತಮಾನದಲ್ಲಿ ಮೆಕ್ಸಿಕೋದಿಂದ ತಂದ ಕೋಕೋ ಗಿಡ ಇಲ್ಲಿ ಹೆಚ್ಚಾಗಿ ತೆಂಗಿನ ನೆರಳಿನಲ್ಲಿ ಬೆಳೆಯುತ್ತದೆ. ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ಒಳಗೆ ಕೋಕೋ ಇಟ್ಟಂತೆಯೇ, ಮೇಲಿನ ಮರಕ್ಕೆ ಹಾಕಿದ ನೀರು ಗೊಬ್ಬರದಲ್ಲೇ ಕೆಳಗಿನದೂ ಬದುಕುತ್ತದೆ. 2021ರ ಒಂದು ಕಾಯ್ದೆಯಲ್ಲಿ ದವಾವ್‌ಗೆ ದೇಶದ ಚಾಕೊಲೇಟ್ ರಾಜಧಾನಿ ಎಂಬ ಬಿರುದನ್ನೇ ಕೊಟ್ಟಿದ್ದಾರೆ. ಬೀಜ ಹುರಿದು ಅರೆದು ಕಟ್ಟಿದ ಬಿಲ್ಲೆಗೆ ತಬ್ಲೆಯಾ ಎನ್ನುತ್ತಾರೆ. ಅದನ್ನು ನೀರಲ್ಲಿ ಕುದಿಸಿ ಕಡೆದರೆ ಸಿಕ್ವಾತೆ ಎಂಬ ಬಿಸಿ ಪಾನೀಯ.

ಕಡಾಯಾವಾನ್: ಆಡಳಿತ ಕಟ್ಟಿದ, ಜನ ತಮ್ಮದಾಗಿಸಿಕೊಂಡ ಹಬ್ಬ

ಫಿಲಿಪ್ಪೀನ್ಸ್‌ನ ಹೆಸರುವಾಸಿ ಹಬ್ಬಗಳಲ್ಲಿ ಹೆಚ್ಚಿನವು ಕ್ರೈಸ್ತ ಹಬ್ಬಗಳು. ಸೆಬುವಿನಲ್ಲಿ ಜನವರಿಯ ಮೂರನೇ ಭಾನುವಾರ ನಡೆಯುವ ಸಿನುಲೋಗ್ ಬಾಲ ಯೇಸುವಿನ ಉತ್ಸವ. ಒಂದೊಂದು ಊರಿಗೂ ಒಬ್ಬೊಬ್ಬ ರಕ್ಷಕ ಸಂತ, ಅವರ ದಿನಕ್ಕೊಂದು ಜಾತ್ರೆ. ಕಡಾಯಾವಾನ್ ಈ ಸಾಲಿಗೆ ಸೇರದು. ಇದು ಸುಗ್ಗಿಯ ಹಬ್ಬ. ಬೆಳೆ ಬಂದಾಗ ಹಣ್ಣು, ಹೂ, ಧಾನ್ಯವನ್ನು ಮುಂದಿಟ್ಟು ಮನಾಮಾ ಎಂಬ ಸೃಷ್ಟಿಕರ್ತನಿಗೆ ಕೃತಜ್ಞತೆ ಹೇಳುತ್ತಿದ್ದ ಬುಡಕಟ್ಟುಗಳ ಆಚರಣೆ ಇದರ ಬೇರು.

ಬೇರು ಹಳೆಯದು, ಹಬ್ಬ ಹೊಸದು. 1986ರ ಫೆಬ್ರವರಿಯಲ್ಲಿ ಈಗಿನ ಅಧ್ಯಕ್ಷರ ತಂದೆ, ಹಿರಿಯ ಮಾರ್ಕೋಸ್ ಅವರ ಆಳ್ವಿಕೆ ಜನಾಂದೋಲನದಿಂದ ಕೊನೆಗೊಂಡಿತು. ಆಗ ದವಾವ್ ದೇಶದ ಅತ್ಯಂತ ಅಪಾಯದ ಊರುಗಳಲ್ಲಿ ಒಂದು. ಕಮ್ಯುನಿಸ್ಟ್ ಬಂಡುಕೋರರ ಹಂತಕ ಪಡೆಗಳು ಒಂದು ಕಡೆ, ಅವರ ವಿರುದ್ಧ ಎದ್ದ ಸಶಸ್ತ್ರ ಗುಂಪುಗಳು ಇನ್ನೊಂದು ಕಡೆ. ಜನರನ್ನು ಮತ್ತೆ ಬೀದಿಗೆ ಕರೆತರಲು, ಊರಿನ ಹೆಸರು ಸರಿಪಡಿಸಲು ಅದೇ ವರ್ಷ ಆಡಳಿತ 'ಅಪೋ ದುವಾಲಿಂಗ್' ಎಂಬ ಉತ್ಸವ ಶುರು ಮಾಡಿತು. ಅಪೋ ಬೆಟ್ಟ, ಡುರಿಯನ್ ಹಣ್ಣು, ವಾಲಿಂಗ್-ವಾಲಿಂಗ್ ಆರ್ಕಿಡ್ ಮೂರನ್ನೂ ಸೇರಿಸಿ ಹೊಲಿದ ಹೆಸರದು. 1988ರಲ್ಲಿ ಮೇಯರ್ ಆದ ರೊಡ್ರಿಗೊ ದುತೆರ್ತೆ ಕಾಲದಲ್ಲಿ ಅದು 'ಕಡಾಯಾವಾನ್ ಸಾ ದಬಾವ್' ಆಯಿತು.

ಆರ್ಕಿಡ್ ಹೆಸರಿನಲ್ಲಿ ಸೇರಿದ್ದು ಸುಮ್ಮನೆ ಅಲ್ಲ. ವಾಲಿಂಗ್-ವಾಲಿಂಗ್ ಅಪೋ ತಪ್ಪಲಿನ ಮರಗಳ ಮೇಲೆ ಬೆಳೆಯುವ ಸೀತಾಳೆ ಜಾತಿಯ ಗಿಡ. ವಿಜ್ಞಾನದ ಹೆಸರು ವಾಂಡಾ ಸಾಂಡೇರಿಯಾನಾ. ಗುಲಾಬಿ-ಕಂದು ಬಣ್ಣದ ದೊಡ್ಡ ಹೂ ಆಗಸ್ಟ್ ಹೊತ್ತಿಗೆ ಅರಳುತ್ತದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನ ಸಂಗ್ರಾಹಕರು, ಆಮೇಲೆ ವ್ಯಾಪಾರಿಗಳು ಕಿತ್ತು ಒಯ್ದ ಪರಿಣಾಮ ಕಾಡಿನಲ್ಲಿ ಕಾಣುವುದೇ ಅಪರೂಪವಾಗಿದೆ. ನರ್ಸರಿಗಳಲ್ಲಿ ಮಾತ್ರ ಅದರ ಸಂತಾನ ಜಗತ್ತನ್ನೇ ಸುತ್ತಿದೆ. ನಮ್ಮ ಈಶಾನ್ಯದ ಖಾಸಿ ಬೆಟ್ಟಗಳ ನೀಲಿ ವಾಂಡಾ ಮತ್ತು ಈ ಅಪೋ ಗಿಡವನ್ನು ಬೆರೆಸಿ ಮಾಡಿದ ತಳಿ 1931ರಲ್ಲಿ ದಾಖಲಾಯಿತು. ಇವತ್ತು ನಾವು ನರ್ಸರಿಯಲ್ಲಿ ನೋಡುವ ನೇರಳೆ ವಾಂಡಾಗಳಲ್ಲಿ ಎಷ್ಟೋ ಆ ಮನೆತನದವು.

ಹಬ್ಬದ ಇನ್ನೊಂದು ಕಂಬ ಹನ್ನೊಂದು ಸಮುದಾಯಗಳು. ಇವನ್ನು ಎರಡು ಗುಂಪಾಗಿ ಹೇಳುತ್ತಾರೆ. ಇಸ್ಲಾಮಿಗೂ ಕ್ರೈಸ್ತಕ್ಕೂ ಸೇರದೆ ಉಳಿದಿದ್ದ ಮೂಲನಿವಾಸಿಗಳು ಲುಮಾದ್: ಬಾಗೋಬೋ-ತಗಬಾವಾ, ಬಾಗೋಬೋ-ಕ್ಲಾತಾ, ಓವು-ಮನುವು, ಮಾತಿಗ್‌ಸಲುಗ್, ಆತಾ. ಮುಸ್ಲಿಂ ಸಮುದಾಯಗಳು ಮೋರೋ: ಮರನಾವ್, ಮಗಿಂದನಾವ್, ತೌಸುಗ್, ಕಾಗನ್, ಸಾಮಾ, ಇರಾನುನ್. ನಗರದ ಆಡಳಿತದಲ್ಲಿ ಇವುಗಳ ಪ್ರತಿನಿಧಿಗಳಾಗಿ ಡೆಪ್ಯುಟಿ ಮೇಯರ್‌ಗಳೂ ಇದ್ದಾರೆ.

ಆಗಸ್ಟ್‌ನ ಮೂರನೇ ವಾರದ ಸುಮಾರಿಗೆ ಹಬ್ಬ ತುದಿ ಮುಟ್ಟುತ್ತದೆ. ಸಾಮಾನ್ಯವಾಗಿ ಶನಿವಾರ 'ಇಂದಾಕ್-ಇಂದಾಕ್ ಸಾ ಕದಲನಾನ್' ಎಂಬ ಬೀದಿ ಕುಣಿತದ ಸ್ಪರ್ಧೆ, ಭಾನುವಾರ 'ಪಮುಲಾಕ್' ಎಂಬ ಹೂವಿನ ರಥಗಳ ಮೆರವಣಿಗೆ. ರಥಗಳನ್ನು ಹೂ, ಹಣ್ಣು, ಎಲೆಗಳಿಂದ ಕಟ್ಟಿರುತ್ತಾರೆ. ಹೊಸಬರು ಫೋಟೋ ತೆಗೆಯುವುದು ಈ ಎರಡರಲ್ಲೇ. ಇವೆರಡೂ ತಯಾರಿ ಮಾಡಿಸಿದ ಪ್ರದರ್ಶನಗಳು ಎಂಬುದು ನೆನಪಿರಲಿ. ಕುಣಿಯುವವರಲ್ಲಿ ಬಹಳಷ್ಟು ಜನ ಶಾಲಾ ಕಾಲೇಜಿನ ಮಕ್ಕಳು. ಅವರು ತೊಟ್ಟ ವೇಷ ಬುಡಕಟ್ಟಿನದಾದರೂ ಕುಣಿತ ನೃತ್ಯ ನಿರ್ದೇಶಕರು ಕೂಡಿಸಿದ್ದು. ಮೂಲ ಸಮುದಾಯದ ಬದುಕನ್ನು ವೇದಿಕೆಗೆ ಹೀಗೆ ಹೊಂದಿಸುವುದು ಎಷ್ಟು ಸರಿ ಎಂಬ ಚರ್ಚೆ ಅಲ್ಲೂ ಇದೆ.

ಸಮುದಾಯದವರನ್ನೇ ಹತ್ತಿರದಿಂದ ನೋಡಬೇಕಿದ್ದರೆ ಮಗ್ಸಾಯ್‌ಸಾಯ್ ಪಾರ್ಕ್‌ನಲ್ಲಿ ಹಬ್ಬದ ಕಾಲಕ್ಕೆ ಕಟ್ಟುವ ಬುಡಕಟ್ಟು ಗ್ರಾಮಕ್ಕೆ ಹೋಗಿ. ಹನ್ನೊಂದು ಸಮುದಾಯಗಳೂ ತಮ್ಮ ತಮ್ಮ ಮಾದರಿಯ ಮನೆ ಕಟ್ಟಿ, ತಮ್ಮ ಅಡುಗೆ ಮಾಡಿ, ನೇಯ್ದು ತೋರಿಸಿ, ಆಗುಂಗ್ ಎಂಬ ನೇತುಹಾಕಿದ ಜಾಗಟೆ, ಕುಲಿಂತಾಂಗ್ ಎಂಬ ಸಾಲು ಜಾಗಟೆ ಬಾರಿಸುತ್ತವೆ. ನನ್ನ ಮಟ್ಟಿಗೆ ಹಬ್ಬದ ತಿರುಳು ಅಲ್ಲಿದೆ. ಬಾಗೋಬೋ ಹೆಂಗಸರು ಅಬಕಾ ನಾರಿನಲ್ಲಿ ನೇಯುವ ಇನಾಬಲ್ ಬಟ್ಟೆಯನ್ನು ಮುಟ್ಟಿ ನೋಡಿ. ನೇಯುವ ಮೊದಲೇ ನೂಲನ್ನು ಕಟ್ಟಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ, ವಿನ್ಯಾಸ ನೂಲಿನಲ್ಲೇ ಕೂತಿರುತ್ತದೆ. ಪಕ್ಕದ ದವಾವ್ ದೆಲ್ ಸುರ್ ಪ್ರಾಂತ್ಯದ ಸಲಿಂತಾ ಮೋನೋನ್ ಎಂಬ ಬಾಗೋಬೋ-ತಗಬಾವಾ ನೇಕಾರ್ತಿಗೆ 1998ರಲ್ಲಿ ದೇಶದ ಜೀವಂತ ನಿಧಿ ಎಂಬ ರಾಷ್ಟ್ರೀಯ ಗೌರವ ಸಿಕ್ಕಿತ್ತು. ಮೊಸಳೆಯ ಆಕಾರದ ವಿನ್ಯಾಸ ಅವರ ಕೈಚಳಕದಲ್ಲಿ ಹೆಸರಾಗಿತ್ತು. ಇಂಥ ಬಟ್ಟೆ ಒಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಚೌಕಾಸಿ ಮಾಡುವಾಗ ಅದು ಮನಸ್ಸಿನಲ್ಲಿರಲಿ.

ಆಗಸ್ಟ್‌ಗೆ ಹೋಗಲಾಗದವರಿಗೆ ಮಾರ್ಚ್ 16ರ ಸುತ್ತಮುತ್ತ 'ಆರಾವ್ ನಂಗ್ ದಬಾವ್' ಎಂಬ ನಗರ ಸ್ಥಾಪನಾ ದಿನದ ಉತ್ಸವ ಇದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂಭ್ರಮ. ಹೊಸ ವರ್ಷಕ್ಕೆ ಪಟಾಕಿ ಸದ್ದು ಮಾತ್ರ ಕೇಳಿಸದು. ಊರಿನಲ್ಲಿ 2002ರಿಂದಲೇ ಪಟಾಕಿ ನಿಷೇಧ, ಜನ ತೊರೊತೊತ್ ಎಂಬ ತುತ್ತೂರಿ ಊದುತ್ತಾರೆ.

ಡುರಿಯನ್ನಿಗೆ ಬಾವಲಿ ಏಕೆ ಬೇಕು

ಮುಳ್ಳುಮುಳ್ಳಾದ ಹೊರಮೈ ನೋಡಿ ನಮ್ಮವರು ಡುರಿಯನ್ನನ್ನು ಹಲಸಿನ ನೆಂಟ ಎಂದುಕೊಳ್ಳುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಹತ್ತಿ, ದಾಸವಾಳದ ಬಳಗ. ವಾಸನೆಗೆ ಕಾರಣ ಹಣ್ಣಾಗುವಾಗ ಹೊರಬರುವ ಗಂಧಕದ ಸಂಯುಕ್ತಗಳು. ಅದಕ್ಕೇ ಹೋಟೆಲ್ ಕೋಣೆ, ವಿಮಾನದ ಕ್ಯಾಬಿನ್‌ಗಳಿಗೆ ಪ್ರವೇಶ ಇಲ್ಲ. ಪುಯಾತ್, ಅರನ್ಸಿಲ್ಯೋ ಮುಂತಾದ ತಳಿಗಳಿವೆ. ಹಬ್ಬದ ಹೊತ್ತಿಗೆ ಸುಗ್ಗಿ ಏರಿರುತ್ತದೆ. ಅಂಗಡಿಯವರು ಅಲ್ಲೇ ಸೀಳಿ ಕೊಡುತ್ತಾರೆ, ನಿಂತೇ ತಿನ್ನಬೇಕು.

ಡುರಿಯನ್ ಹೂ ಅರಳುವುದು ಸಂಜೆ-ರಾತ್ರಿಯಲ್ಲಿ. ಹಗಲಿನ ಜೇನು, ಚಿಟ್ಟೆಗಳಿಂದ ಕೆಲಸ ಸಾಗದು. ರಾತ್ರಿ ಮಕರಂದಕ್ಕೆ ಬರುವ ಬಾವಲಿಗಳೇ ಪರಾಗ ಹೊರುತ್ತವೆ, ಬಾವಲಿ ಕಡಿಮೆಯಾದರೆ ಕಾಯಿ ಕಡಿಮೆ. ಈ ಸಂಬಂಧ ಕಣ್ಣಾರೆ ಕಾಣಬೇಕಿದ್ದರೆ ಕೊಲ್ಲಿಯ ಆಚೆಗಿರುವ ಸಮಾಲ್ ದ್ವೀಪಕ್ಕೆ ದೋಣಿ ಹತ್ತಿ. ಸಾಸಾ ಬಂದರಿನಿಂದ ವಾಹನ ಹೊರುವ ಬಾರ್ಜ್ ಹೋಗುತ್ತದೆ, ಕಾಲು ಗಂಟೆಯ ಹಾದಿ. ಸೇತುವೆಯ ಕೆಲಸ 2022ರಲ್ಲಿ ಶುರುವಾಗಿದೆ.

ಅಲ್ಲಿನ ಮೊನ್‌ಫೋರ್ಟ್ ಬಾವಲಿ ಧಾಮದಲ್ಲಿ ಒಂದೇ ಗುಹೆಯಲ್ಲಿ ಇಪ್ಪತ್ತು ಲಕ್ಷದ ಆಸುಪಾಸು ಹಣ್ಣು ಬಾವಲಿಗಳಿವೆ. ಅವುಗಳ ಜಾತಿಯ ಅತಿ ದೊಡ್ಡ ವಸಾಹತು ಎಂದು 2010ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಗುಹೆಯೊಳಗೆ ಬಿಡುವುದಿಲ್ಲ. ಮೇಲ್ಭಾಗದ ಬಾಯಿಗಳಿಂದ, ಬೇಲಿಯ ಆಚೆಯಿಂದ ಇಣುಕಿ ನೋಡಬೇಕು. ಹಗಲಿನಲ್ಲೂ ಗೋಡೆ ತುಂಬ ಕಪ್ಪಗೆ ಅಂಟಿಕೊಂಡು ಕಚಪಚ ಎನ್ನುತ್ತಿರುತ್ತವೆ. ವಾಸನೆಯಲ್ಲಿ ಡುರಿಯನ್ನಿಗೆ ಏನೂ ಕಡಿಮೆ ಇಲ್ಲ! ದ್ವೀಪದಲ್ಲಿ ಕಡಲತೀರ, ಹಗಿಮಿತ್ ಜಲಪಾತ ಕೂಡ ಇವೆ. ಬೊರಾಕಾಯ್‌ನಂಥ ಮರಳಿನ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಸುರಕ್ಷಿತವೇ?

ಮಿಂಡನಾವ್ ಹೆಸರು ಕೇಳಿದವರಿಗೆ ಮೊದಲು ಬರುವ ಪ್ರಶ್ನೆ ಇದು. ದ್ವೀಪದ ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿ ದಶಕಗಳ ಸಶಸ್ತ್ರ ಸಂಘರ್ಷದ ಇತಿಹಾಸವಿದೆ. ದವಾವ್‌ನಲ್ಲೂ 2016ರ ಸೆಪ್ಟೆಂಬರ್ 2ರಂದು ರೊಹಾಸ್ ರಸ್ತೆಯ ರಾತ್ರಿ ಸಂತೆಯಲ್ಲಿ ಬಾಂಬ್ ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಹಾಗಿದ್ದೂ ದ್ವೀಪಕ್ಕೆ ಎಚ್ಚರಿಕೆ ಕೊಡುವಾಗ ಅಮೆರಿಕದಂಥ ದೇಶಗಳು ದವಾವ್ ನಗರವನ್ನು ಬೇರೆಯಾಗಿ ಇಡುತ್ತಾ ಬಂದಿವೆ. ದವಾವ್‌ಗೆ ಹೋಗುವುದು ಬೇರೆ, ಅಲ್ಲಿಂದ ಬಾಡಿಗೆ ಕಾರು ಹಿಡಿದು ಇಡೀ ಮಿಂಡನಾವ್ ಸುತ್ತುವುದು ಬೇರೆ.

ಊರಿನ ನಿಯಮ ಕಟ್ಟುನಿಟ್ಟು. ಸಾರ್ವಜನಿಕ ಜಾಗದಲ್ಲಿ ಸಿಗರೇಟು, ವೇಪ್ ಎರಡೂ ನಿಷಿದ್ಧ. ರಾತ್ರಿ 1ರ ನಂತರ ಮದ್ಯ ಮಾರುವಂತಿಲ್ಲ. ವಾಹನಗಳಿಗೆ ವೇಗದ ಮಿತಿ. ಪ್ರವಾಸಿಗರಿಗೂ ದಂಡ ಬೀಳುತ್ತದೆ. ಈ ಶಿಸ್ತಿಗೆ ಹೆಸರಾದ ದುತೆರ್ತೆ ಅವರು 2016ರಿಂದ 2022ರವರೆಗೆ ಅಧ್ಯಕ್ಷರಾಗಿದ್ದರು. ಮಾದಕವಸ್ತು ವಿರೋಧಿ ಕಾರ್ಯಾಚರಣೆಯ ಹತ್ಯೆಗಳ ಆರೋಪದಲ್ಲಿ 2025ರ ಮಾರ್ಚ್‌ನಲ್ಲಿ ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಯ್ದರು. ಅಲ್ಲಿದ್ದಾಗಲೇ ಮೇ ತಿಂಗಳಲ್ಲಿ ದವಾವ್ ಜನ ಅವರನ್ನು ಮತ್ತೆ ಮೇಯರ್ ಆಗಿ ಆರಿಸಿದರು. ಟ್ಯಾಕ್ಸಿಯಲ್ಲಿ ಕೂತು ಈ ವಿಷಯದ ಬಗ್ಗೆ ವಾದಕ್ಕಿಳಿಯದಿರುವುದು ಜಾಣತನ.

ಭೂಕಂಪದ ಮಾತು ಬೇರೆ. 2025ರ ಅಕ್ಟೋಬರ್ 10ರಂದು ಪಕ್ಕದ ದವಾವ್ ಓರಿಯೆಂಟಲ್ ಪ್ರಾಂತ್ಯದ ಕಡಲಲ್ಲಿ 7.4 ತೀವ್ರತೆಯ ಕಂಪನವಾಯಿತು. ಹೋಟೆಲ್ ಸೇರಿದ ಕೂಡಲೇ ಹೊರಗೋಡುವ ದಾರಿ ಯಾವುದು ಎಂದು ನೋಡಿಟ್ಟುಕೊಳ್ಳಿ. ಪ್ರಯಾಣ ವಿಮೆಯಲ್ಲಿ ನೈಸರ್ಗಿಕ ವಿಕೋಪ ಸೇರಿದೆಯೇ ಎಂದೂ ನೋಡಿ.

ಹೋಗುವುದು, ಉಣ್ಣುವುದು

14 ದಿನದ ವೀಸಾರಹಿತ ಪ್ರವೇಶಕ್ಕೆ ಆರು ತಿಂಗಳ ಅವಧಿ ಉಳಿದ ಪಾಸ್‌ಪೋರ್ಟ್, ವಾಪಸಿನ ಅಥವಾ ಮುಂದಿನ ದೇಶದ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣವಿದೆ ಎಂಬ ಪುರಾವೆ ಬೇಕು. ಈ ಅವಧಿ ವಿಸ್ತರಿಸುವುದಿಲ್ಲ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಯುರೋಪಿನ ಷೆಂಗೆನ್ ದೇಶಗಳು, ಸಿಂಗಪುರ, ಬ್ರಿಟನ್ ಇವುಗಳಲ್ಲಿ ಯಾವುದಾದರೂ ಒಂದರ ಚಾಲ್ತಿ ವೀಸಾ ಇದ್ದವರಿಗೆ 30 ದಿನ. ಫಿಲಿಪ್ಪೀನ್ಸ್ ತಲುಪುವ ಮುನ್ನದ 72 ಗಂಟೆಯೊಳಗೆ ಇ-ಟ್ರಾವೆಲ್ ಎಂಬ ಸರ್ಕಾರಿ ತಾಣದಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆಯಬೇಕು. ಅದು ಉಚಿತ, ದುಡ್ಡು ಕೇಳುವ ತಾಣಗಳು ನಕಲಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ಮುಂಚೆ ರಾಯಭಾರ ಕಚೇರಿಯ ಪ್ರಕಟಣೆ ನೋಡಿ.

ಬೆಂಗಳೂರಿನಿಂದ ಹೊರಡುವವರು ಮನಿಲಾಕ್ಕೆ ಹೋಗಿ ಮತ್ತೆ ಕೆಳಗೆ ಬರಬೇಕೆಂದಿಲ್ಲ. ಸಿಂಗಪುರದಿಂದ ದವಾವ್‌ಗೆ ನೇರ ವಿಮಾನವಿದೆ. ಎರಡೂ ಹಾದಿಯನ್ನು ಒಂದೇ ಟಿಕೆಟ್‌ನಲ್ಲಿ ತೆಗೆಯಿರಿ. ಬೇರೆ ಬೇರೆ ತೆಗೆದರೆ ಬ್ಯಾಗ್ ಬಿಡಿಸಿಕೊಳ್ಳಲು ಸಿಂಗಪುರದ ಒಳಗೆ ಹೋಗಬೇಕಾದೀತು, ಅದಕ್ಕೆ ಅವರ ವೀಸಾ ಬೇಕು. ಕಡಾಯಾವಾನ್ ವಾರದಲ್ಲಿ ಕೋಣೆಗಳು ಬಹಳ ಮೊದಲೇ ತುಂಬುತ್ತವೆ. ಮೆರವಣಿಗೆಯ ದಿನ ದೊಡ್ಡ ಬ್ಯಾಗ್ ಹಿಡಿದು ಹೋದರೆ ತಪಾಸಣೆಯಲ್ಲೇ ನಿಲ್ಲಬೇಕಾಗುತ್ತದೆ. ಪೆಸೋ ಒಂದಕ್ಕೆ ಸುಮಾರು ಒಂದೂವರೆ ರೂಪಾಯಿ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ಪ್ಲಗ್ ಚಪ್ಪಟೆ ಪಿನ್ನಿನದು, ಅಡಾಪ್ಟರ್ ಒಯ್ಯಿರಿ.

ಸಸ್ಯಾಹಾರಿಗಳಿಗೆ ಕಷ್ಟ ಇದೆ. ತರಕಾರಿ ಪಲ್ಯದಂತೆ ಕಾಣುವ ಪಿನಕ್ಬೆಟ್‌ನಲ್ಲೂ ಬಗೋಂಗ್ ಎಂಬ ಸಿಗಡಿ ಅಥವಾ ಮೀನಿನ ಹುದುಗು ಬಿದ್ದಿರುತ್ತದೆ, 'ನೋ ಮೀಟ್' ಎಂದರೆ ಸಾಲದು. ಬೆಳಿಗ್ಗೆಗೆ ಪುತೊ ಮಾಯಾ ನಂಬಬಹುದು: ತೆಂಗಿನ ಹಾಲು, ಶುಂಠಿ ಹಾಕಿ ಬೇಯಿಸಿದ ಅಂಟಕ್ಕಿ, ಜೊತೆಗೆ ಮಾವಿನಹಣ್ಣು, ಸಿಕ್ವಾತೆ. ಮೀನು ತಿನ್ನುವವರಿಗೆ ವಿನಿಗರ್‌ನಲ್ಲಿ ನೆನೆಸಿದ ಹಸಿ ಮೀನಿನ ಕಿನಿಲಾವ್, ಸುಟ್ಟ ಟ್ಯೂನಾ ದವಡೆ. ಅನ್ನ-ಸಾರು ಬೇಕೆನಿಸಿದರೆ ಅದಕ್ಕೂ ದಾರಿ ಇದೆ. ದವಾವ್‌ನಲ್ಲಿ ವೈದ್ಯಕೀಯ ಓದುವ ಭಾರತೀಯ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ, ದಕ್ಷಿಣದ ರಾಜ್ಯಗಳವರೂ ಬಹಳ. ಅವರನ್ನು ನಂಬಿ ನಡೆಯುವ ಇಂಡಿಯನ್ ಮೆಸ್, ಹೋಟೆಲ್‌ಗಳು ಇವೆ.

ತರಬೇಕೆಂದಿದ್ದರೆ ತಬ್ಲೆಯಾ, ಡುರಿಯನ್ ಮಿಠಾಯಿ, ಇನಾಬಲ್ ಬಟ್ಟೆ ತನ್ನಿ. ವಾಲಿಂಗ್-ವಾಲಿಂಗ್ ಗಿಡವನ್ನು ಬ್ಯಾಗಿನಲ್ಲಿ ಸೇರಿಸಿಕೊಂಡು ಬರುವ ಯೋಚನೆ ಬೇಡ. ಆರ್ಕಿಡ್ ಗಿಡ ದೇಶ ದಾಟಲು ವನ್ಯಸಸ್ಯ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಪರವಾನಗಿ ಬೇಕು, ಇಲ್ಲಿ ಇಳಿದ ಮೇಲೆ ಸಸ್ಯ ತಪಾಸಣೆಯೂ ಇದೆ. ಕಾಗದಪತ್ರ ಇಲ್ಲದಿದ್ದರೆ ಗಿಡ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ.